ಜಿವೊ 245 ಡಿಐ: ಇಳಿಜಾರಿನ ತೋಟದಲ್ಲಿ ಎಷ್ಟು ನಂಬಬಹುದು?

ಮಹೀಂದ್ರ ಜಿವೊ 245 ಡಿಐ ಫೋರ್‌ವೀಲ್ (ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಸಿಗುವ) ಮಿನಿ ಟ್ರ್ಯಾಕ್ಟರನ್ನು ಮಲೆನಾಡಿನ ಕಾಫಿ, ಅಡಿಕೆ ತೋಟಕ್ಕೆ ಕೊಳ್ಳುವವರು ಮೊದಲು ನೋಡುವುದು ಅದರ ಅಗಲವನ್ನು. ಸಾಲಿನ ನಡುವೆ ಗಿಡಕ್ಕೆ ತಾಗದೆ ಹೋಗುತ್ತದೆ, ನಿಜ. ಆದರೆ ಮೈ ಕಿರಿದಾದಷ್ಟೂ ಪಕ್ಕಕ್ಕೆ ಮಗುಚುವುದು ಸುಲಭ. ನಮ್ಮ ಅಭಿಪ್ರಾಯ ಇಷ್ಟೇ: ನೇರವಾಗಿ ಏರಲು, ಇಳಿಯಲು ಒಳ್ಳೆಯ ಗಾಡಿ, ಇಳಿಜಾರಿಗೆ ಅಡ್ಡಲಾಗಿ ಓಡಿಸಲು ಅಲ್ಲ.

24 ಎಚ್‌ಪಿ, ಎರಡು ಸಿಲಿಂಡರ್, 86 ಎನ್‌ಎಂ ಟಾರ್ಕ್ (ತಿರುಗಿಸುವ ಬಲ), ಮುಂದಕ್ಕೆ 8 ಹಿಂದಕ್ಕೆ 4 ಗಿಯರ್. ಏರಿಗೆ ಈ ಎಂಜಿನ್ ಸಾಕು. ತೊಂದರೆ ಇರುವುದು ಇಳಿಯುವಾಗ. ಫೋರ್‌ವೀಲ್ ಬೇಕಾಗುವುದು ಏರಿನಲ್ಲಿ ಮಾತ್ರ ಎಂದುಕೊಂಡು ಇಳಿಯುವಾಗ ತೆಗೆದುಬಿಡುವವರಿದ್ದಾರೆ. ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಇಳಿಜಾರಿನಲ್ಲಿ ಭಾರ ಮುಂದಕ್ಕೆ ಬಿದ್ದು ಅವೇ ಹಗುರಾಗಿ ಜಾರುತ್ತವೆ. ಫೋರ್‌ವೀಲ್ ಹಾಕಿದ್ದರೆ ಹಿಡಿತ ಮುಂದಿನ ಚಕ್ರಕ್ಕೂ ಸಿಗುತ್ತದೆ. ಇಳಿಯುವ ಮೊದಲೇ ನಿಲ್ಲಿಸಿ ಫೋರ್‌ವೀಲ್ ಹಾಕಿ, ಲೋ ಗಿಯರ್ ಹಿಡಿಯಿರಿ, ಎಡ, ಬಲ ಚಕ್ರಕ್ಕೆ ಬೇರೆಬೇರೆ ಇರುವ ಎರಡು ಬ್ರೇಕ್ ಪೆಡಲ್‌ಗಳನ್ನು ಲಾಚ್‌ನಿಂದ (ಕೊಂಡಿಯಿಂದ) ಜೋಡಿಸಿ. ನಡುದಾರಿಯಲ್ಲಿ ಕ್ಲಚ್ ಒತ್ತಿದರೆ ಎಂಜಿನ್ನಿನ ಹಿಡಿತ ತಪ್ಪಿತು. ಒಂದೇ ಪೆಡಲ್ ತುಳಿದರೆ ಗಾಡಿ ಗಿರಕ್ಕನೆ ತಿರುಗಿ ಮಗುಚುತ್ತದೆ.

ಹಿಂದೆ ಉಪಕರಣ ಎತ್ತುವ ಲಿಫ್ಟ್ 750 ಕೆಜಿ ಎತ್ತುತ್ತದೆ ಎಂಬುದು ಕರಪತ್ರದ ಮಾತು. ಏರಿನಲ್ಲಿ ಲೆಕ್ಕಕ್ಕೆ ಬರುವುದು ಮುಂದಿನ ಚಕ್ರದ ಮೇಲೆ ಎಷ್ಟು ಭಾರ ಉಳಿಯಿತು ಎಂಬುದು. ಮಣ್ಣು ಪುಡಿಮಾಡುವ ರೋಟವೇಟರ್ ಎತ್ತಿಕೊಂಡು ಏರುವಾಗ ಸ್ಟೇರಿಂಗ್ ಹಗುರಾಯಿತೆಂದರೆ ಅದೇ ಎಚ್ಚರಿಕೆ. ಮುಂದೆ ತೂಕದ ಬಿಲ್ಲೆ ಹಾಕಿಸಿ. ಕಡಿದಾದ ಏರನ್ನು ರಿವರ್ಸ್‌ನಲ್ಲಿ ಹತ್ತಿ. ಮರದ ದಿಮ್ಮಿ ಎಳೆಯಲು ಸರಪಳಿಯನ್ನು ಡ್ರಾಬಾರ್‌ಗಷ್ಟೇ (ಹಿಂದೆ ತಗ್ಗಿನಲ್ಲಿರುವ ಎಳೆಯುವ ಪಟ್ಟಿಗೆ) ಕಟ್ಟಬೇಕು. ಮೇಲಿನ ಜೋಡಣೆ ಸರಳಾದ ಟಾಪ್‌ಲಿಂಕ್‌ಗೋ ಆಕ್ಸಲ್‌ಗೋ ಕಟ್ಟಿ ಕ್ಲಚ್ ಫಕ್ಕನೆ ಬಿಟ್ಟರೆ ಮೂತಿ ಮೇಲೆದ್ದು ಚಾಲಕನ ಮೇಲೇ ಬೀಳುತ್ತದೆ, ಕಾಲು ಮತ್ತೆ ಕ್ಲಚ್ ಮುಟ್ಟುವಷ್ಟರಲ್ಲಿ.

ಇಳಿಜಾರನ್ನು ಕಣ್ಣಂದಾಜಿಗೆ ಬಿಡಬೇಡಿ. ಹತ್ತಡಿ ಗಳುವಿನ ಒಂದು ತುದಿಯನ್ನು ಮೇಲಿನ ನೆಲಕ್ಕಿಟ್ಟು, ರಸಮಟ್ಟ ಇಟ್ಟು ಸಮ ಹಿಡಿದು, ಇನ್ನೊಂದು ತುದಿಯಿಂದ ನೆಲಕ್ಕೆ ಅಳೆಯಿರಿ. 1 ಅಡಿ 9 ಇಂಚು ಬಂದರೆ ಸುಮಾರು 10 ಡಿಗ್ರಿ. ಅಡ್ಡ ಓಡಾಟವನ್ನು ನಾವು ಅಲ್ಲಿಗೇ ನಿಲ್ಲಿಸುತ್ತೇವೆ. 2 ಅಡಿ 8 ಇಂಚು ಎಂದರೆ 15 ಡಿಗ್ರಿ. ಅದಕ್ಕಿಂತ ಕಡಿದಾದ ಜಾಗಕ್ಕೆ ಈ ಗಾತ್ರದ ಗಾಡಿಯೇ ಬೇಡ. ಇದೂ ಒಣ ನೆಲದ ಲೆಕ್ಕ. ಕಾಫಿ ತೋಟದಲ್ಲಿ ತರಗೆಲೆ ತುಂಬಿ ಮುಚ್ಚಿಹೋದ ತೊಟ್ಟಿಲು ಗುಂಡಿಗೆ (ಮಳೆನೀರು ಇಂಗಲು ಗಿಡಗಳ ನಡುವೆ ತೋಡಿದ ಗುಂಡಿಗೆ) ಕೆಳಬದಿಯ ಚಕ್ರ ಇಳಿದರೆ ಡಿಗ್ರಿಯ ಲೆಕ್ಕವೆಲ್ಲ ಅಲ್ಲಿಗೇ ಮುಗಿಯಿತು. ಕೆಲಸಕ್ಕೆ ಮೊದಲು ಸಾಲಿನಲ್ಲಿ ಒಮ್ಮೆ ನಡೆದು ಗುಂಡಿಗಳ ಪಕ್ಕ ಗೂಟ ನೆಡಿಸಿ. ದರೆಯ (ಕಡಿದಾದ ಮಣ್ಣಿನ ಗೋಡೆಯ) ಅಂಚಿನಿಂದ, ದರೆ ಎಷ್ಟು ಎತ್ತರವೋ ಕನಿಷ್ಠ ಅಷ್ಟು ದೂರ ಇರಿ. ಸ್ಪ್ರೇಯರ್ ಟ್ಯಾಂಕಿನಲ್ಲಿ ಅರ್ಧ ಔಷಧಿ ಇದ್ದಾಗ ಅದು ಕೆಳಬದಿಗೆ ಹೊಯ್ದಾಡಿ ಗಾಡಿಯನ್ನೂ ಎಳೆಯುತ್ತದೆ.

ಸಾಲು ಅಗಲವಿದ್ದಲ್ಲಿ ಹಿಂದಿನ ರಿಮ್ ತಿರುಗಿಸಿ ಚಕ್ರದ ಅಂತರ ಹೆಚ್ಚಿಸಿಕೊಳ್ಳಿ. ಹಿಂದಿನ 8.3-24 ಟೈರಿಗೆ ನೀರು ತುಂಬಿಸುವುದು ಕಡಿಮೆ ಖರ್ಚಿನ ಉಪಾಯ: ಜ್ಯಾಕ್ ಕೊಟ್ಟು, ವಾಲ್ವ್ ನೆತ್ತಿಗೆ ಬರುವಂತೆ ತಿರುಗಿಸಿ, ಆ ಮಟ್ಟದವರೆಗೆ ತುಂಬಿಸಿದರೆ ಮುಕ್ಕಾಲು ಭಾಗ ನೀರಾಗುತ್ತದೆ. ಚಕ್ರಕ್ಕೆ ಸುಮಾರು 60 ಕೆಜಿ, ಅದೂ ನೆಲದ ಹತ್ತಿರ.

ಕೊಳ್ಳುವಾಗ ಸೀಟಿನ ಹಿಂದೆ ರೋಲ್‌ಬಾರ್ (ಮಗುಚಿದಾಗ ಚಾಲಕನನ್ನು ಕಾಯುವ ಗಟ್ಟಿ ಕಮಾನು), ಜೊತೆಗೆ ಸೀಟ್‌ಬೆಲ್ಟ್ ಕೊಡುತ್ತಾರಾ ಎಂದು ಕೇಳಿ. ವೆಲ್ಡಿಂಗ್ ಅಂಗಡಿಯ ಪೈಪಿನ ಚಪ್ಪರ ನೆರಳಿಗಷ್ಟೆ, ಮಗುಚಿದರೆ ಜಜ್ಜಿಹೋಗುತ್ತದೆ. ಮಡಚುವ ರೋಲ್‌ಬಾರ್ ಆದರೆ, ಕೊಂಬೆಗೆ ತಾಗುತ್ತದೆಂದು ಮಡಚಿದಾಗ ಬೆಲ್ಟ್ ಬಿಚ್ಚಿ; ಎತ್ತಿ ನಿಲ್ಲಿಸಿದ ಕೂಡಲೇ ಕಟ್ಟಿ. ಮಡ್‌ಗಾರ್ಡ್ ಮೇಲೆ ಇನ್ನೊಬ್ಬರನ್ನು ಕೂರಿಸುವ ಅಭ್ಯಾಸ ಇಳಿಜಾರಿನಲ್ಲಂತೂ ಬೇಡವೇ ಬೇಡ.