ಬರಹ ಬದಲಿಸಿಕೊಡುವ ಆ್ಯಪ್: ನೋಟಿಸಿಗೆ ಸರಿ, ಹಸುವಿನ ವಿಷಯಕ್ಕೆ ಬೇಡವೇ ಬೇಡ

ಸೋಮವಾರಪೇಟೆ ಕಡೆಯ ನಮ್ಮ ಹಾಲಿನ ಸೊಸೈಟಿಯ ವಾಟ್ಸಾಪ್ ಗ್ರೂಪಿಗೆ ಹಸು ಸಾಕಣೆಯ ಮಾಹಿತಿ ಹಾಕುವುದು ನನ್ನ ಪಾಲಿನ ಕೆಲಸ. ಸಂಜೆ ಹಾಲು ಕರೆದು, ಡೈರಿಗೆ ಹಾಕಿ ಬಂದು, ಬೆಲ್ಲದ ಕಾಫಿ ಹಿಡಿದು ಜಗಲಿಯಲ್ಲಿ ಕೂತರೆ ಇದೇ ಕೆಲಸ. ಕರಪತ್ರಗಳ ಭಾಷೆ ಬಹಳ ಬಿಗಿ. ಅದನ್ನು ಬೇರೆ ಮಾತಲ್ಲಿ ಸುಲಭ ಮಾಡಿಕೊಡುತ್ತದೆ ಅಂತ ಈ ಆ್ಯಪಿಗೆ ದುಡ್ಡು ಕಟ್ಟಿದೆ. ವರ್ಷದ ಮೇಲಾಯಿತು.

ಸಭೆಯ ನೋಟಿಸು, ಕಾಲುಬಾಯಿ ಜ್ವರದ ಲಸಿಕೆಯ ಸೂಚನೆ ಎಲ್ಲ ಚೆನ್ನಾಗಿಯೇ ಬರುತ್ತಿತ್ತು. ಉದ್ದ ವಾಕ್ಯ ತುಂಡು ಮಾಡುವುದರಲ್ಲಿ ಇದು ನಿಜಕ್ಕೂ ಚುರುಕು. ಅಷ್ಟು ಹೊತ್ತು ಉಳಿಯುತ್ತಲ್ಲ, ಅದೇ ಖುಷಿ.

ತಳಿಯ ವಿಷಯ ಕೊಟ್ಟು ನೋಡಿ, ಆಗ ಗೊತ್ತಾಗುತ್ತದೆ. ಹಸು ಹೋರಿ ಬಯಸುವ ಹೊತ್ತಿಗೆ ನಾವು ಬೆದೆ ಅನ್ನುತ್ತೇವೆ, ಆಗ ಗರ್ಭ ಕಟ್ಟಲು ಹೋರಿಯ ವೀರ್ಯ ಹಾಕಿಸುವುದಕ್ಕೆ ಇಂಜೆಕ್ಷನ್ ಅನ್ನುತ್ತೇವೆ. 'ಹಸು ಬೆಳಿಗ್ಗೆ ಬೆದೆಗೆ ಬಂದರೆ ಸಂಜೆ ಇಂಜೆಕ್ಷನ್ ಹಾಕಿಸಿ' ಅಂತ ಕೊಟ್ಟರೆ 'ಶಾಖಕ್ಕೆ ಬಂದರೆ' ಅಂತ ಬರುತ್ತದೆ. ಓದಿದವರು ಜ್ವರ ಅಂದುಕೊಳ್ಳುವುದಿಲ್ವಾ? ಬೆದೆ ಇರುವುದೇ ಸಾಮಾನ್ಯವಾಗಿ 12ರಿಂದ 18 ಗಂಟೆ. ಅದು ತಪ್ಪಿದರೆ ಮತ್ತೆ ಸುಮಾರು 21 ದಿನ ಕಾಯಬೇಕು. ಅಷ್ಟು ದಿನದ ಮೇವು, ಹಿಂಡಿ ದಂಡ.

'ಒಂದು ಹೋರಿಯ ವೀರ್ಯವನ್ನು ಅದರ ಮಗಳಿಗೇ ಹಾಕಿಸಬೇಡಿ' ಅನ್ನುವ ಕಡೆ ಹೋರಿ ಹೋಗಿ ಎತ್ತು ಬಂದಿತ್ತು. ಬೀಜ ಒಡೆಸಿದ್ದಕ್ಕೆ ತಾನೇ ಎತ್ತು ಅನ್ನುವುದು? ಅದರಿಂದ ಕರು ಎಲ್ಲಿಂದ ಹುಟ್ಟಬೇಕು! ಮಲೆನಾಡು ಗಿಡ್ಡ 'ಮಲೆನಾಡು ಕುಳ್ಳ' ಆಗಿತ್ತು. ಅದು ಒಂದು ತಳಿಯ ಹೆಸರು, ಹಾಗೆಲ್ಲ ಮುಟ್ಟುವ ಹಾಗಿಲ್ಲ.

ನನಗೆ ಜಾಸ್ತಿ ಸಿಟ್ಟು ಬಂದದ್ದು ಬೇರೆ ಒಂದಕ್ಕೆ. ಕರು ಹಾಕಿ 12 ಗಂಟೆಯಾದರೂ ಕಸ (ಕರುವಿನ ನಂತರ ಗರ್ಭದಿಂದ ಹೊರಬೀಳುವ ಮಾಸು) ಬೀಳದಿದ್ದರೆ ಡಾಕ್ಟರನ್ನು ಕರೆಸಿ, ಕೈಯಲ್ಲಿ ಎಳೆಯಬೇಡಿ ಅಂತ ಬರೆದಿದ್ದೆ. ಆ್ಯಪ್ ಅದನ್ನು 'ತ್ಯಾಜ್ಯ ಬೀಳದಿದ್ದರೆ' ಮಾಡಿತು. ಸೆಗಣಿ ಹಾಕಿದೆಯಲ್ಲ, ಸರಿಯಾಗಿದೆ ಅಂತ ಯಾರಾದರೂ ಸುಮ್ನೆ ಕೂತರೆ ಗರ್ಭಕೋಶಕ್ಕೆ ಸೋಂಕಾಗುತ್ತದೆ. ಮಳೆಗಾಲದಲ್ಲಿ ನಮ್ಮ ತೋಟದ ದಾರಿಗಳಲ್ಲಿ ಡಾಕ್ಟರು ಬಂದು ತಲುಪುವುದೇ ತಡ. ಇಂಥ ಕಡೆ ಒಂದು ಮಾತು ಆಚೀಚೆ ಆದರೂ ಹಸುವಿನ ಜೀವಕ್ಕೇ ಬರುತ್ತದೆ.

ಕೆಲವು ಪದಗಳನ್ನು ಮುಟ್ಟದ ಹಾಗೆ ಬೀಗ ಹಾಕುವ ಸೌಲಭ್ಯ ಕೊಡಿ ಅಂತ ಕಂಪನಿಗೆ ಬರೆದೆ. 'ನಿಮ್ಮ ಸಲಹೆಗೆ ಧನ್ಯವಾದ' ಅಂತ ಉತ್ತರ ಬಂತು, ಸೌಲಭ್ಯ ಬರಲಿಲ್ಲ. ಮೂರು ತಿಂಗಳ ಚಂದಾ ಕೂಡಿಸಿದರೆ ಹತ್ತಿರ ಹತ್ತಿರ ಒಂದು ಮೂಟೆ ಪಶು ಆಹಾರದ ದುಡ್ಡು. ಈ ತಿಂಗಳಿಂದ ಕಟ್ಟುವುದು ನಿಲ್ಲಿಸಿದ್ದೇನೆ. ಎರಡು ಸ್ಟಾರ್ ಕೊಡುತ್ತೇನೆ, ಎರಡೂ ಸಭೆಯ ನೋಟಿಸಿಗೆ.