ಬಿಸಿನೀರಿನ ವಾಲ್ವ್ ತಪಾಸಣೆ ಬರೆದಿಡೋಕೆ ಆ್ಯಪ್, ರಿಜಿಸ್ಟರ್, ಕಾರ್ಡ್: ಯಾವುದು ನಡೆಯಿತು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಾರ್ಡಿಗೆ. ಹುಬ್ಬಳ್ಳಿಯಲ್ಲಿ ನಾನು ಉಸ್ತುವಾರಿ ನೋಡುವ ವೃದ್ಧಾಶ್ರಮದಲ್ಲಿ ಮೂರನ್ನೂ ಬಳಸಿ ಆಗಿದೆ. ಆ್ಯಪ್‌ಗೆ ಇಡೀ ವರ್ಷದ ಚಂದಾ ಕಟ್ಟಿದ್ದೇವೆ, ಆದರೂ ಕಾರ್ಡೇ.

ನಮ್ಮಲ್ಲಿ ಇರೋದು ಸೋಲಾರ್ ನೀರು. ಬಿಸಿಲು ಜೋರಾದರೆ ಟ್ಯಾಂಕಿನ ನೀರು 70 ಡಿಗ್ರಿ ದಾಟುತ್ತದೆ. 60 ಡಿಗ್ರಿ ನೀರು ಐದಾರು ಸೆಕೆಂಡು ಮೈಮೇಲೆ ಬಿದ್ದರೂ ಚರ್ಮ ಸುಡುತ್ತದೆ, ವಯಸ್ಸಾದವರ ತೆಳು ಚರ್ಮಕ್ಕೆ ಅಷ್ಟು ಹೊತ್ತೂ ಬೇಡ. ಹಾಗಂತ ಟ್ಯಾಂಕನ್ನೇ ಉಗುರುಬೆಚ್ಚಗೆ ಇಡೋ ಹಾಗೂ ಇಲ್ಲ, 20ರಿಂದ 45 ಡಿಗ್ರಿ ನೀರಿನಲ್ಲಿ ಶ್ವಾಸಕೋಶಕ್ಕೆ ಸೋಂಕು ತರುವ ಲೀಜನೆಲ್ಲಾ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತದೆ. ಅದಕ್ಕೇ ಟ್ಯಾಂಕಿನಲ್ಲಿ 60ಕ್ಕೆ ಕಡಿಮೆ ಇರಬಾರದು, ನಲ್ಲಿಗೆ ಮುಂಚೆ ಬಿಸಿನೀರಿಗೆ ತಣ್ಣೀರು ಬೆರೆಸಿ ಹದ ಮಾಡೋ ಮಿಕ್ಸಿಂಗ್ ವಾಲ್ವ್ ಇರಬೇಕು. ಬ್ರಿಟನ್ನಿನ ಕೇರ್ ಹೋಂಗಳಲ್ಲಿ ಸ್ನಾನದ ನೀರಿಗೆ 44 ಡಿಗ್ರಿ ಮಿತಿ. ನಾವೂ ಅದನ್ನೇ ಹಿಡಿದಿದ್ದೇವೆ. ತಪಾಸಣೆ ಅಂದರೆ ಥರ್ಮಾಮೀಟರ್ ಹಿಡಿದು ಡಿಗ್ರಿ ನೋಡೋದು, ಆಮೇಲೆ ತಣ್ಣೀರಿನ ಕಾಕ್ ಬಂದ್ ಮಾಡೋದು. ವಾಲ್ವ್ ಸರಿ ಇದ್ದರೆ ಬಿಸಿನೀರೂ ಕೆಲವೇ ಸೆಕೆಂಡಿನಲ್ಲಿ ತಾನಾಗಿ ನಿಲ್ಲಬೇಕು.

ಈಗ ಆ್ಯಪ್ ವಿಷಯಕ್ಕೆ ಬರೋಣ. ನೋಡೋಕೆ ಚೆಂದ, ದಿನಾ ನೆನಪಿಸುತ್ತದೆ, ವರದಿ ಪಿಡಿಎಫ್ ಆಗಿ ಬರುತ್ತದೆ. ಆದರೆ ಅದರಲ್ಲಿ ಇರೋದು ಎರಡೇ ಬಟನ್, ಪಾಸ್ ಇಲ್ಲವೇ ಫೇಲ್. ನಮ್ಮ ಊರಿನಲ್ಲಿ ನಲ್ಲಿ ನೀರು ದಿನಾ ಬರೋದಿಲ್ಲ ಅಂತ ಅದನ್ನು ಮಾಡಿದವರಿಗೆ ಯಾರು ಹೇಳಬೇಕು? ಮೇಲಿನ ತಣ್ಣೀರು ಟ್ಯಾಂಕು ಖಾಲಿ ಆದ ದಿನ ತಪಾಸಣೆ ಮಾಡೋಕೇ ಆಗೋದಿಲ್ಲ. ನಮ್ಮ ಸಹಾಯಕಿ ಫೋನ್ ಹಿಡಿದುಕೊಂಡು ಬಂದು ಕೇಳುತ್ತಾರೆ, "ಸರ, ಇವತ್ತ ಟಾಕಿ ಖಾಲಿ ಐತ್ರಿ, ಇದರಾಗ ಏನ್ ಒತ್ತಲ್ರಿ?"

ಫೇಲ್ ಒತ್ತಿದರೆ ಇನ್ನೊಂದು ತಲೆನೋವು. ಆ ಬಚ್ಚಲು ಕೆಂಪಾಗುತ್ತದೆ, ಟ್ರಸ್ಟಿನವರಿಗೆಲ್ಲ ಇಮೇಲ್ ಹೋಗುತ್ತದೆ, ವಾಲ್ವ್ ಬದಲಿಸಿದ ಫೋಟೋ ಹಾಕೋವರೆಗೂ ಅದು ಮುಚ್ಚೋದಿಲ್ಲ. ಕೆಟ್ಟಿಲ್ಲದ ವಾಲ್ವ್ ಯಾಕೆ ಬದಲಿಸಬೇಕು? ಖಾಲಿ ಬಿಟ್ಟರೆ ಮರುದಿನದ ಪುಟವೇ ತೆರೆಯೋದಿಲ್ಲ. ಕೊನೆಗೆ ಎಲ್ಲರೂ ಏನು ಮಾಡುತ್ತಾರೆ? ಸುಮ್ನೆ ಪಾಸ್ ಒತ್ತುತ್ತಾರೆ. ಕಂಪನಿಗೆ ಫೋನ್ ಮಾಡಿದರೆ "ಮುಂದಿನ ಅಪ್‌ಡೇಟಿನಲ್ಲಿ ನೋಡ್ತೀವಿ ಸರ್" ಅನ್ನುತ್ತಾರೆ. ಅಪ್‌ಡೇಟ್ ಬಂತು, ಬಣ್ಣ ಮಾತ್ರ ಬದಲಾಗಿತ್ತು.

ರಿಜಿಸ್ಟರ್ ಆಫೀಸಿನಲ್ಲಿ, ವಾಲ್ವ್ ಬಚ್ಚಲಲ್ಲಿ. ತಿಂಗಳ ಕೊನೆಗೆ ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ಸಾಲಾಗಿ 42, 42, 42. ಇಷ್ಟು ಹೇಳಿದರೆ ಸಾಕು.

ಕಾರ್ಡ್ ಅಂದರೆ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮಾಡಿಸಿದ ದಪ್ಪ ಕಾಗದ, ಪ್ರತಿ ಬಚ್ಚಲ ಬಾಗಿಲಿಗೆ ಹೊರಗಡೆ ದಾರದಲ್ಲಿ ಕಟ್ಟಿದ್ದು. ದಿನಾಂಕ, ಡಿಗ್ರಿ, ಬಂದ್ ಆಯಿತಾ, ಸಹಿ, ಕೊನೆಗೆ ಖಾಲಿ ಜಾಗ. ಆ ಖಾಲಿ ಜಾಗದಲ್ಲೇ "ನೀರಿಲ್ಲ" ಅಂತ ಬರೆಯುತ್ತಾರೆ, ಮುಗಿಯಿತು. ಕೆಳಗಿನ ಮಹಡಿಯ ಒಂದು ಕಾರ್ಡಿನಲ್ಲಿ 41, 41, 42, 44 ಅಂತ ಅಂಕಿ ಏರಿದ್ದು ಹಾದುಹೋಗುವಾಗಲೇ ಕಣ್ಣಿಗೆ ಬಿತ್ತು. ಪ್ಲಂಬರ್ ಬಂದು ಬಿಚ್ಚಿದರೆ ತಣ್ಣೀರಿನ ಕಡೆ ಜಾಲರಿಗೆ ಬೋರ್ ನೀರಿನ ಬಿಳಿ ಉಪ್ಪು ಗಟ್ಟಿಯಾಗಿ ಕಟ್ಟಿತ್ತು. ವಿನೆಗರಿನಲ್ಲಿ ನೆನೆಸಿ ತೊಳೆದು ಹಾಕಿದ ಮೇಲೆ ಮತ್ತೆ 41. ಆ್ಯಪ್‌ನಲ್ಲಿ ಆ ನಾಲ್ಕೂ ಪಾಸ್, ಪಾಸ್, ಪಾಸ್, ಪಾಸ್ ಅಲ್ವಾ?

ಕಾರ್ಡಿಗೂ ತೊಂದರೆ ಇದೆ. ಹಬೆಗೆ ಮೆತ್ತಗಾಗುತ್ತದೆ, ಅದಕ್ಕೇ ಹೊರಗೆ ಕಟ್ಟಿದ್ದು. ಲ್ಯಾಮಿನೇಶನ್ ಮಾಡಿಸಿದರೆ ಪೆನ್ ಹಿಡಿಯೋದಿಲ್ಲ. ಕಳೆದುಹೋದರೆ ದಾಖಲೆಯೇ ಹೋಯಿತು, ಹಾಗಾಗಿ ಶನಿವಾರ ಎಲ್ಲ ಕಾರ್ಡುಗಳ ಫೋಟೋ ತೆಗೆದು ಆಫೀಸ್ ಕಂಪ್ಯೂಟರಿಗೆ ಹಾಕುತ್ತೇನೆ.

ನಾಲ್ಕೈದು ಊರಲ್ಲಿ ಶಾಖೆ ಇದ್ದು, ಒಂದೇ ಕಡೆ ಕೂತು ಎಲ್ಲ ನೋಡಬೇಕು ಅನ್ನೋರಿಗೆ ಡಿಗ್ರಿ ಬರೆಯೋ ಜಾಗ ಇರುವ ಆ್ಯಪ್ ಸಿಕ್ಕರೆ ತಗೊಳ್ಳಲಿ. ನನ್ನದು ಒಂದೇ ಕಟ್ಟಡ, ದಿನಾ ಬೆಳಗ್ಗೆ ಎಲ್ಲ ಬಚ್ಚಲ ಮುಂದೆ ಒಂದು ಸುತ್ತು ಹಾಕೋ ಅಭ್ಯಾಸ, ಬಜೆಟ್ಟೂ ಅಷ್ಟಕ್ಕಷ್ಟೇ. ಚಂದಾ ಮುಗಿದ ಮೇಲೆ ಕಟ್ಟೋದಿಲ್ಲ. ಆ ದುಡ್ಡಿನಲ್ಲಿ ಮಹಡಿಗೊಂದು ಒಳ್ಳೆಯ ಡಿಜಿಟಲ್ ಥರ್ಮಾಮೀಟರ್ ಬರುತ್ತದೆ, ಈಗ ಇರೋ ಒಂದನ್ನೇ ಮೂರು ಮಹಡಿಯವರು ಹುಡುಕಾಡುತ್ತಿದ್ದಾರೆ.