ಸಿಗರೇಟು ಬಿಟ್ಟೆ, ನಿಕೋಟಿನ್ ಇನ್ನೂ ಬಿಟ್ಟಿಲ್ಲ: ವೇಪ್ ಜೊತೆ 20 ತಿಂಗಳು

ನಾನಿರುವುದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. 16 ವರ್ಷ ಸಿಗರೇಟು ಸೇದಿದವನು, ದಿನಕ್ಕೆ ಹತ್ತಿರ ಹತ್ತಿರ ಒಂದು ಪ್ಯಾಕ್. 2024ರ ಜನವರಿಯಲ್ಲಿ ಇಲ್ಲಿನ ಸಿಗರೇಟು ಬಿಡಿಸುವ ಕೇಂದ್ರಕ್ಕೆ ಹೋದೆ. ಪಾಡ್ ಅನ್ನುವ ಪುಟ್ಟ ಡಬ್ಬಿಗೆ ನಿಕೋಟಿನ್ ಇರುವ ದ್ರವ ತುಂಬಿಸಿ ಬಳಸುವ ವೇಪ್ ಒಂದನ್ನು, ಅಂದರೆ ಇ-ಸಿಗರೇಟನ್ನು, ಪುಕ್ಕಟೆ ಕೊಟ್ಟರು. ಅಂದಿನಿಂದ ಇಂದಿನವರೆಗೆ ಒಂದು ಸಿಗರೇಟೂ ಮುಟ್ಟಿಲ್ಲ. ಅದಕ್ಕೇ ಇದನ್ನು ಬರೆಯಬೇಕು ಅನಿಸಿತು.

ಮೊದಲ ದಿನ ಒಂದು ಸಣ್ಣ ಯಂತ್ರಕ್ಕೆ ಊದಿಸಿದರು. ತಂಬಾಕು ಸುಟ್ಟಾಗ ಬರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಉಸಿರಿನಲ್ಲಿ ಎಷ್ಟಿದೆ ಅಂತ ಅಳೆಯುವ ಯಂತ್ರ. 22 ಅಂತ ತೋರಿಸಿತು. ಸೇದದವರಿಗೆ 10ರೊಳಗೆ ಇರಬೇಕು. ನಾಲ್ಕು ವಾರ ಬಿಟ್ಟು ಊದಿದಾಗ 2! ಆ ಅಂಕಿಯನ್ನೇ ನೋಡುತ್ತಾ ನಿಂತುಬಿಟ್ಟೆ, ಕಣ್ಣಲ್ಲಿ ನೀರು ಬಂತು. ವೇಪ್‌ನಲ್ಲಿ ತಂಬಾಕು ಸುಡುವುದಿಲ್ಲ. ಪಾಡ್ ಒಳಗಿನ ತಂತಿ ಕಾದು, ಹತ್ತಿ ಹೀರಿಕೊಂಡ ದ್ರವ ಆವಿಯಾಗುತ್ತದೆ, ಅಷ್ಟೆ. ಹಾಗಂತ ಆ ಆವಿ ಬರೀ ಗಾಳಿ ಅಂದುಕೊಳ್ಳಬೇಡಿ. ಸೇದುವ ಅಭ್ಯಾಸವೇ ಇಲ್ಲದವರು ಇದರ ಹತ್ತಿರ ಸುಳಿಯಲೇಬಾರದು.

ಬಳಸುವುದನ್ನು ಕಲಿಯಬೇಕಾಗುತ್ತದೆ. ಸಿಗರೇಟಿನ ಹಾಗೆ ಜೋರಾಗಿ ದಮ್ ಎಳೆದರೆ ಕೆಮ್ಮು ಗ್ಯಾರಂಟಿ. ನಿಧಾನವಾಗಿ, ಉದ್ದವಾಗಿ ಎಳೆಯಬೇಕು. ಹೊಸ ಪಾಡ್‌ಗೆ ದ್ರವ ತುಂಬಿಸಿ ಹತ್ತು ನಿಮಿಷ ಸುಮ್ನೆ ಇಡಿ. ನಾನು ತಾಳ್ಮೆ ಇಲ್ಲದೆ ತಕ್ಷಣ ಎಳೆದೆ. ಒಣ ಹತ್ತಿ ಸುಟ್ಟು, ಸೀದ ಬಟ್ಟೆಯಂಥ ರುಚಿ ಸಂಜೆವರೆಗೂ ನಾಲಿಗೆ ಬಿಡಲಿಲ್ಲ, ಪಾಡ್ ಕಸಕ್ಕೆ ಹೋಯಿತು. ಸಿಹಿ ಫ್ಲೇವರ್ ಹಾಕಿದರೆ ತಂತಿ ಬೇಗ ಕಪ್ಪಾಗುತ್ತದೆ. ನನಗೆ ಪುದೀನ ಹಾಕಿದರೆ ಪಾಡ್ ಎರಡು ವಾರ ಬರುತ್ತದೆ, ಮಾವಿನಹಣ್ಣಿನದು ಹಾಕಿದರೆ ಒಂದೇ ವಾರ. ಜೇಬಿನಲ್ಲಿ ಅಡ್ಡ ಮಲಗಿಸಿದರೆ ಸೋರುತ್ತದೆ, ಎರಡು ಶರ್ಟ್ ಹಾಳಾಗಿವೆ. ಖರ್ಚು ಮಾತ್ರ ತುಂಬಾ ಕಡಿಮೆ. ಒಂದು ಪ್ಯಾಕ್ ಸಿಗರೇಟಿಗೆ ಸುಮಾರು 15 ಪೌಂಡ್ ಕೊಡುತ್ತಿದ್ದೆ. ಈಗ ಒಂದು ವಾರಕ್ಕೇ ಅಷ್ಟಾಗುವುದಿಲ್ಲ.

ಇನ್ನು ಯಾರೂ ನನಗೆ ಮೊದಲೇ ಹೇಳದ ವಿಷಯ. ಸಿಗರೇಟು ಒಂದು ಹಂತಕ್ಕೆ ಮುಗಿಯುತ್ತದೆ, ತುಂಡು ಬಿಸಾಕಿ ಒಳಗೆ ಬರುತ್ತೀರಿ. ಇದು ಮುಗಿಯುವುದೇ ಇಲ್ಲ. ಮೇಜಿನ ಮೇಲೇ ಇರುತ್ತದೆ. ಒಂದು ದಮ್, ಐದು ನಿಮಿಷಕ್ಕೆ ಇನ್ನೊಂದು. ರಾತ್ರಿ ಎಚ್ಚರವಾದರೆ ಕೈ ತಾನೇ ದಿಂಬಿನ ಪಕ್ಕ ಹುಡುಕುತ್ತಿತ್ತು. ಸಿಗರೇಟು ಸೇದುವಾಗಲೂ ನಾನು ನಡುರಾತ್ರಿ ಎದ್ದು ಸೇದಿದವನಲ್ಲ.

ಆಮೇಲೆ ಓದಿ ತಿಳಿದುಕೊಂಡೆ. 2019ರಲ್ಲಿ ಇಲ್ಲಿನ 886 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ ಬಂತು. ಒಂದು ವರ್ಷದ ಹೊತ್ತಿಗೆ ಸಿಗರೇಟು ಬಿಟ್ಟಿದ್ದವರು ಇ-ಸಿಗರೇಟು ಗುಂಪಿನಲ್ಲಿ 18 ಶೇಕಡಾ, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್, ನಿಕೋಟಿನ್ ಚೂಯಿಂಗ್ ಗಮ್ ಥರದ್ದು ಬಳಸಿದ ಗುಂಪಿನಲ್ಲಿ 9.9 ಶೇಕಡಾ. ಆದರೆ ಬಿಟ್ಟವರ ಪೈಕಿ ಇ-ಸಿಗರೇಟಿನವರಲ್ಲಿ 80 ಶೇಕಡಾ ಜನ ಇನ್ನೂ ಅದನ್ನೇ ಸೇದುತ್ತಿದ್ದರು. ಗಮ್, ಪ್ಯಾಚ್ ಮುಂದುವರಿಸಿದ್ದವರು 9 ಶೇಕಡಾ ಮಾತ್ರ. ಓದುತ್ತಿದ್ದಂತೆ ನನ್ನ ಕಥೆಯೇ ಅನಿಸಿತು.

ನನಗಿದು ಸರಿಯಾಗಿ ಅರಿವಾಗಿದ್ದು ಮೈಸೂರಿಗೆ ಹೋದಾಗ. ಕರ್ನಾಟಕದಲ್ಲಿ 2016ರಲ್ಲೇ ಇ-ಸಿಗರೇಟು ನಿಷೇಧವಾಗಿತ್ತು, 2019ರಲ್ಲಿ ದೇಶಕ್ಕೆಲ್ಲ ಕಾನೂನು ಬಂತು. ಮಾರುವುದು ಮಾತ್ರ ಅಲ್ಲ, ತರುವುದೂ ತಪ್ಪು. ಹಾಗಾಗಿ ವೇಪನ್ನು ಲೆಸ್ಟರ್‌ನಲ್ಲೇ ಬಿಟ್ಟು ಹೊರಟಿದ್ದೆ. ಮೆಡಿಕಲ್ ಶಾಪಿನ 2 ಮಿಲಿಗ್ರಾಂ ನಿಕೋಟಿನ್ ಗಮ್ ಅಗಿಯುತ್ತಾ ಮೂರು ವಾರ ಕಳೆದೆ. ಮೊದಲ ಮೂರು ದಿನ ಅಮ್ಮನ ಮೇಲೂ ರೇಗಿದೆ. "ಸಿಗರೇಟು ಬಿಟ್ಟೆ ಅಂದ್ಯಲ್ಲಪ್ಪ, ಮತ್ಯಾಕೋ ಹೀಗಾಡ್ತೀಯ?" ಅಂದರು. ಏನು ಹೇಳಲಿ ಅವರಿಗೆ?

ವಾಪಸ್ ಬಂದ ಮೇಲೆ ದ್ರವದಲ್ಲಿನ ನಿಕೋಟಿನ್ ಪ್ರಮಾಣ ಇಳಿಸಲು ಶುರು ಮಾಡಿದೆ. ಇಲ್ಲಿ ಒಂದು ಮಿಲಿಲೀಟರಿಗೆ 20 ಮಿಲಿಗ್ರಾಂ ನಿಕೋಟಿನ್‌ಗಿಂತ ಜಾಸ್ತಿ ಮಾರುವ ಹಾಗಿಲ್ಲ. ನಾನಿದ್ದದ್ದು ಆ 20ರಲ್ಲೇ. 10ಕ್ಕೆ ಇಳಿದ ಮೊದಲ ವಾರ ಎಷ್ಟು ಎಳೆದೆ ಅಂದರೆ, ಐದು ದಿನ ಬರುತ್ತಿದ್ದ ಬಾಟಲಿ ಮೂರೇ ದಿನಕ್ಕೆ ಖಾಲಿ. ಹೆದರಬೇಡಿ, ಎರಡನೇ ವಾರಕ್ಕೆ ಹತೋಟಿಗೆ ಬರುತ್ತದೆ. ಈಗ 5ರಲ್ಲಿದ್ದೇನೆ. ವೇಪ್ ಮಹಡಿ ಮೇಲೆ ಬರುವುದಿಲ್ಲ, ರಾತ್ರಿ ಕೆಳಗೆ ಅಡುಗೆಮನೆಯಲ್ಲಿ ಕಾಫಿಪುಡಿ ಡಬ್ಬಿಯ ಹಿಂದೆ ಇರುತ್ತದೆ. ಡಿಸೆಂಬರ್‌ನಲ್ಲಿ ಮತ್ತೆ ಊರಿಗೆ ಹೊರಟಿದ್ದೇನೆ. ಈ ಸಲ ಗಮ್ ಇಲ್ಲದೆ ಹೋಗಬೇಕು ಅಂತ ಆಸೆ.